ಟಿಪ್ಪರಣ್ಣ ಸುರಿದ ಬೆಟ್ಟ

ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕುಲುಮೆಯ ಮುಂದೆ ನಿಲ್ಲುವವರಿಗೆ ಒಂದು ಗತ್ತಿತ್ತು. ಅವರು ಉಕ್ಕು ತಯಾರಿಸುವವರು. ಟಿಪ್ಪರಣ್ಣ ಉಕ್ಕು ತಯಾರಿಸಿದವನಲ್ಲ. ಅದಿರು ಕರಗಿ ಉಕ್ಕು ಒಂದು ಕಡೆ ಹರಿದುಹೋದ ಮೇಲೆ ಇನ್ನೊಂದು ಕಡೆ ಉಳಿಯುತ್ತಿದ್ದ ಕಿಟ್ಟವನ್ನು ಟಿಪ್ಪರ್ ಲಾರಿಗೆ ತುಂಬಿಸಿಕೊಂಡು, ಹಿಂದಿನ ಬೇಲಿಯಾಚೆ ಸುರಿದು ಬರುವುದು ಅವನ ಕೆಲಸ. ಮೂವತ್ತು ಚಿಲ್ಲರೆ ವರ್ಷ ಅದನ್ನೇ ಮಾಡಿದ. ಅವನಿಗೆ ಬೇರೆ ಹೆಸರಿತ್ತು, ನಿಜ. ಆದರೆ ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಟಿಪ್ಪರಣ್ಣ.

ಆಮೇಲೆ ಕಾರ್ಖಾನೆ ಮುಚ್ಚಿತು. ರಾಜ್ಯದಲ್ಲಿ ಒಂದರ ಹಿಂದೊಂದು ಕಾರ್ಖಾನೆ ಬಾಗಿಲು ಹಾಕುತ್ತಿದ್ದ ಕಾಲವದು. ಮುಚ್ಚಿದಾಗಲೆಲ್ಲ ಸರ್ಕಾರ ‘ತಾತ್ಕಾಲಿಕ’ ಎಂಬ ಮಾತನ್ನು ಬಳಸುತ್ತಿತ್ತು. ಆ ಮಾತಿನ ಮೇಲಿನ ನಂಬಿಕೆಯಿಂದ ಜನ ಒಂದೆರಡು ವರ್ಷ ಬೆಳಗ್ಗೆ ಎದ್ದು ಗೇಟಿನ ತನಕ ಹೋಗಿ ಬರುತ್ತಿದ್ದರು. ಆಮೇಲೆ ಗೇಟನ್ನೇ ಗುಜರಿಯವರು ಕಿತ್ತುಕೊಂಡು ಹೋದರು. ಶೆಡ್ಡು, ಕ್ರೇನು, ಹಳಿ, ಚಿಮಣಿ ಎಲ್ಲವೂ ತೂಕದ ಲೆಕ್ಕದಲ್ಲಿ ಹೋದವು. ಉಕ್ಕು ಮೊದಲೇ ಊರು ಬಿಟ್ಟಿತ್ತು. ಯಾರೂ ಕೇಳದೆ ಉಳಿದದ್ದು ಕಿಟ್ಟದ ಗುಡ್ಡೆ ಮಾತ್ರ. ಮೈಲಿಗಟ್ಟಲೆ ತಟ್ಟೆಯಂತೆ ಮಟ್ಟಸವಾಗಿದ್ದ ಆ ಸೀಮೆಯಲ್ಲಿ ಅದೊಂದೇ ತಲೆಯೆತ್ತಿ ನಿಂತಿತ್ತು.

ಮಳೆ ಬಿದ್ದಂತೆಲ್ಲ ಅದರ ಮೇಲೆ ಹುಲ್ಲು ಬಂತು. ಹುಲ್ಲಿನ ಹಿಂದೆ ಹಳದಿ ಹೂವು ಬಂತು, ಹೂವಿನ ಹಿಂದೆ ಚಿಟ್ಟೆ, ಚಿಟ್ಟೆಯ ಹಿಂದೆ ಹಕ್ಕಿ. ಒಳಗೆಲ್ಲೋ ಹಳೆಯ ಬಿಸಿ ಇನ್ನೂ ಆರದೆ ಉಳಿದಿದ್ದರಿಂದ, ಮಳೆ ನಿಂತ ಬೆಳಗ್ಗೆ ಗುಡ್ಡೆಯ ನೆತ್ತಿಯಿಂದ ಬೆಳ್ಳನೆಯ ಹಬೆ ಏಳುತ್ತಿತ್ತು. ದೂರದಿಂದ ನೋಡಿದವರಿಗೆ ಮಂಜು ಕವಿದಂತೆ ಕಾಣುತ್ತಿತ್ತು.

ದೂರದಿಂದ ನೋಡಿದವರಲ್ಲಿ ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕರೂ ಒಬ್ಬರು.

ಮುಚ್ಚಿಹೋದ ಸೈಕಲ್ ಕಾರ್ಖಾನೆಯೊಂದರ ಮಹಡಿಯ ಮೇಲೆ ಅವರ ಕಚೇರಿ ಇತ್ತು. ಬಾಗಿಲಿನ ಮೇಲೆ ಇನ್ನೂ ‘ಟ್ಯೂಬ್ ಮತ್ತು ಟೈರ್ ವಿಭಾಗ’ ಎಂದೇ ಬರೆದಿತ್ತು. ಕೈಗಾರಿಕೆ ಕೈಕೊಟ್ಟಿದ್ದರಿಂದ ಇನ್ನು ಮುಂದೆ ರಾಜ್ಯವನ್ನು ಪ್ರಕೃತಿಯೇ ಸಾಕಬೇಕೆಂದು ಮಂತ್ರಿಗಳು ಆಗಷ್ಟೇ ಘೋಷಿಸಿದ್ದರು. ಪಕ್ಕದ ರಾಜ್ಯಗಳಿಗೆಲ್ಲ ಬೆಟ್ಟ, ಜಲಪಾತ, ಕಡಲು ಇದ್ದವು. ಈ ರಾಜ್ಯಕ್ಕಿದ್ದದ್ದು ಒಂದು ನದಿ. ಅದರಲ್ಲಿ ಬಣ್ಣದ ಕಾರ್ಖಾನೆಯ ದಿನಚರಿಗೆ ತಕ್ಕಂತೆ ಒಂದು ದಿನ ಕೆಂಪು, ಒಂದು ದಿನ ನೀಲಿ ನೀರು ಹರಿಯುತ್ತಿತ್ತು.

“ಬೆಟ್ಟ ಇಲ್ಲದೆ ಪೋಸ್ಟರ್ ಮಾಡೋದು ಹೇಗಮ್ಮಾ?” ಎಂದು ನಿರ್ದೇಶಕರು ಕಿಟಕಿಯ ಬಳಿ ನಿಂತು ಕೇಳಿದರು. ಕೇಳಿದ್ದು ಕರಪತ್ರ ಬರೆಯುವ ಹುಡುಗಿಯನ್ನು. ಅವಳು ಹಂಗಾಮಿ ನೌಕರಿಯವಳು, ಟಿಪ್ಪರಣ್ಣನ ಒಬ್ಬಳೇ ಮಗಳು. “ಅಲ್ಲ, ಅಲ್ಲಿ ಕಾಣ್ತಿದೆಯಲ್ಲ, ಅದೇನು?”

ಅವಳು ಕತ್ತೆತ್ತಿ ನೋಡಿದಳು. “ಸರ್, ಅದು ನಮ್ಮಪ್ಪ.”

“ನಿಮ್ಮಪ್ಪನಾ?”

“ಅಂದ್ರೆ, ನಮ್ಮಪ್ಪ ಸುರಿದಿದ್ದು ಸರ್. ಕಾರ್ಖಾನೆ ಕಿಟ್ಟ.”

ನಿರ್ದೇಶಕರು ಕಿಟಕಿಯ ಪರದೆಯನ್ನು ಅರ್ಧ ಎಳೆದರು. ಆಮೇಲೆ ತಣ್ಣಗೆ ಕೇಳಿದರು: “ಈ ವಿಷಯ ಇನ್ನು ಯಾರ್‍ಯಾರಿಗೆ ಗೊತ್ತು?”

“ಊರಿಗೆಲ್ಲಾ ಗೊತ್ತು ಸರ್.”

“ಊರೋರು ಪ್ರವಾಸಕ್ಕೆ ಬರಲ್ಲ ಬಿಡು. ‘ಮಂಜುಬೆಟ್ಟ’ ಅಂತ ಬರಿ.”

“ಎಷ್ಟು ಹಳೇದು ಅಂತ ಬರೀಲಿ ಸರ್?”

“ಬೆಟ್ಟದ ವಯಸ್ಸು ಹೇಳಬಾರದಮ್ಮಾ, ಅದಕ್ಕೆ ಗೌರವ ಕಡಿಮೆ ಆಗುತ್ತೆ. ‘ಪ್ರಾಚೀನ’ ಅಂತ ಬರಿ, ಸಾಕು.”

ಅವಳು ಬರೆದಳು. ಚೆನ್ನಾಗಿಯೇ ಬರೆದಳು. ಹಂಗಾಮಿ ನೌಕರಿ ಕಾಯಂ ಆಗಬೇಕಾದರೆ ಚೆನ್ನಾಗಿ ಬರೆಯಲೇಬೇಕಿತ್ತು. ಸಂಜೆ ಮನೆಗೆ ತಂದ ಕರಪತ್ರವನ್ನು ಟಿಪ್ಪರಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

“‘ಪ್ರಕೃತಿಮಾತೆ ಯುಗಯುಗಗಳ ತಪಸ್ಸಿನಿಂದ ನಿರ್ಮಿಸಿದ’... ಇದು ಯಾರ ಬಗ್ಗೆ?”

“ಬೆಟ್ಟದ ಬಗ್ಗೆ ಅಪ್ಪಾ.”

“ಅದು ಗೊತ್ತಾಯ್ತು. ಈ ಪ್ರಕೃತಿಮಾತೆ ಯಾರು? ಒಂದಿನಾನಾದರೂ ರಾತ್ರಿ ಪಾಳಿಗೆ ಬಂದಿದ್ದಾಳಾ? ಟೈರ್ ಪಂಚರ್ ಆದಾಗ ಜಾಕ್ ಹಿಡ್ಕೊಂಡಿದ್ದಾಳಾ?”

“ಹೋಗ್ಲಿ ಬಿಡ್ರೀ,” ಎಂದಳು ಅವನ ಹೆಂಡತಿ, ಹೊಲಿಗೆ ಯಂತ್ರದ ಮುಂದಿನಿಂದಲೇ. “ಯಾರ ಹೆಸರಲ್ಲಾದ್ರೂ ಇರ್ಲಿ, ಮಗಳ ಕೆಲಸ ಉಳಿಯುತ್ತಲ್ಲ.”

ಅವನು ಕರಪತ್ರವನ್ನು ಮಡಚಿಟ್ಟು ಹೊರಗೆ ಹೋಗಿ ನಿಂತ. ಸಿಟ್ಟು ಬಂದಿತ್ತೋ ಹೆಮ್ಮೆಯಾಗಿತ್ತೋ ಅವನಿಗೇ ತಿಳಿಯಲಿಲ್ಲ. ಕುಲುಮೆಯವರ ಉಕ್ಕಿನ ಮೇಲೆ ಯಾರೂ ಹೀಗೆ ತಪಸ್ಸು ಗಿಪಸ್ಸು ಅಂತೆಲ್ಲ ಬರೆದಿರಲಿಲ್ಲ.

ಪ್ರವಾಸಿಗಳು ಬಂದರು. ಬೆಟ್ಟ ಹತ್ತಿದರು, ಹಬೆಯಲ್ಲಿ ಕೈ ಚಾಚಿ ಫೋಟೋ ತೆಗೆಸಿಕೊಂಡರು. ಮಂಜು ಬೆಚ್ಚಗಿರುವುದು ಈ ಬೆಟ್ಟದ ವಿಶೇಷವೆಂದು ಗೈಡುಗಳು ಹೇಳಿಕೊಟ್ಟರು. ಅವರ ಹಿಂದೆಯೇ ಬಿಲ್ಡರ್ ಬಂದ.

ಊರಂತೂ ಅಷ್ಟರಲ್ಲಿ ಹಾಸಿಗೆಯಿಂದ ಆಚೆಗೆ ಕಾಲು ಚಾಚಿತ್ತು. ಕೆಲಸ ಕಡಿಮೆಯಾದಷ್ಟೂ ಮನೆ ಹೆಚ್ಚಾಗುವ ವಿಚಿತ್ರ ಅಲ್ಲಿ ನಡೆಯುತ್ತಿತ್ತು. ಕಾರ್ಖಾನೆಯ ಜಾಗವೆಲ್ಲ ಲೇಔಟಾಗಿ, ಲೇಔಟಿನ ಪಕ್ಕ ಇನ್ನೊಂದು ಲೇಔಟು ಹುಟ್ಟಿ, ಎರಡರ ನಡುವೆ ದಾರಿ ಬಿಡುವುದು ಇಬ್ಬರಿಗೂ ಮರೆತುಹೋಗಿರುತ್ತಿತ್ತು. ಬಿಲ್ಡರ್ ಟಿಪ್ಪರಣ್ಣನಂಥವರು ವಾಸವಿದ್ದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಕೆಡವಿ ‘ಗಿರಿದರ್ಶನ’ ಎಂಬ ಅಪಾರ್ಟ್‌ಮೆಂಟ್ ಎಬ್ಬಿಸಿದ. ಕ್ವಾರ್ಟರ್ಸಿನವರಿಗೆಲ್ಲ ಅದರಲ್ಲಿ ಒಂದೊಂದು ಫ್ಲ್ಯಾಟು ಕೊಟ್ಟ, ಎಲ್ಲವೂ ಚರಂಡಿಯ ಕಡೆಗೆ. ಬೆಟ್ಟ ಕಾಣುವ ಫ್ಲ್ಯಾಟು ಬೇಕೆಂದರೆ ಮೇಲೆ ದುಡ್ಡು ಕಟ್ಟಬೇಕಿತ್ತು.

“ಕಟ್ಟೋಣ,” ಎಂದಳು ಹೆಂಡತಿ.

“ತಲೆ ಕೆಟ್ಟಿದೆಯೇನೇ? ನಾನು ಸುರಿದಿದ್ದನ್ನ ನೋಡೋಕೆ ನಾನೇ ದುಡ್ಡು ಕೊಡಬೇಕಾ?”

“ನೀವು ನೋಡಬೇಡಿ, ನಾನು ನೋಡ್ತೀನಿ. ಅದರ ಧೂಳನ್ನ ಮೂವತ್ತು ವರ್ಷ ನಿಮ್ಮ ಅಂಗಿಯಿಂದ ಕುಕ್ಕಿ ಕುಕ್ಕಿ ಒಗೆದವಳು ನಾನು. ಒಂದಿನ ಅದರ ಮುಂದೆ ಕಾಲು ನೀಡಿ ಕೂತ್ಕೋಬೇಕು ಅಂತ ಆಸೆ ಇರಲ್ವಾ?”

ನಿವೃತ್ತಿಯ ದುಡ್ಡಿನಲ್ಲಿ ಉಳಿದದ್ದು ಅಲ್ಲಿಗೆ ಹೋಯಿತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಬೆಳಗಿನ ಟೀ ಲೋಟ ಹಿಡಿದು ಅವಳು ಅಲ್ಲಿ ಕೂತಳೆಂದರೆ ಮನೆಯೊಳಗೆ ಏನು ಹೊತ್ತಿ ಉರಿದರೂ ಏಳುತ್ತಿರಲಿಲ್ಲ. ಯಾವ ಮೂಲೆಯಲ್ಲಿ ಹೂವು ಮೊದಲು ಬರುತ್ತದೆ, ಯಾವ ಹೊತ್ತಿನಲ್ಲಿ ನೆರಳು ಎತ್ತ ಸರಿಯುತ್ತದೆ ಎಲ್ಲ ಅವಳಿಗೆ ಬಾಯಿಪಾಠವಾಯಿತು. ಬಿಡುವೂ ಇತ್ತು, ಗಂಟಲೂ ದೊಡ್ಡದಿತ್ತು. ಆದ್ದರಿಂದ ನಿವಾಸಿಗಳ ಅಸೋಸಿಯೇಷನ್ ಅವಳನ್ನೇ ಕಾರ್ಯದರ್ಶಿಯನ್ನಾಗಿ ಮಾಡಿತು.

ಟಿಪ್ಪರಣ್ಣನಿಗೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಲಿಫ್ಟಿನಲ್ಲಿ ಕೆಳಗಿಳಿಯುವುದು, ವಾಚ್‌ಮನ್ ಹತ್ತಿರ ಎರಡು ಮಾತಾಡುವುದು, ಮತ್ತೆ ಹತ್ತುವುದು. ಕೂತಲ್ಲೇ ಬಲಗಾಲು ಆಕ್ಸಿಲರೇಟರ್ ಒತ್ತಿದಂತೆ ಅಲ್ಲಾಡುತ್ತಿತ್ತು.

ಹೀಗಿರುವಾಗ ಸರ್ಕಾರದ ಇನ್ನೊಂದು ಇಲಾಖೆಗೆ ಇನ್ನೊಂದು ಸತ್ಯ ಗೊತ್ತಾಯಿತು. ರಸ್ತೆಯ ಅಡಿಪಾಯಕ್ಕೆ ಕಾರ್ಖಾನೆಯ ಕಿಟ್ಟದಷ್ಟು ಗಟ್ಟಿ ಸಾಮಗ್ರಿ ಬೇರೆ ಇಲ್ಲವಂತೆ! ಊರು ಬೆಳೆದು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೇ ಒಂದು ದಿನದ ಕೆಲಸವಾಗಿತ್ತು. ಬಹಳ ಜನಕ್ಕೆ ಆ ದಿನ ಅದೊಂದೇ ಕೆಲಸ. ಸುತ್ತಲೂ ರಿಂಗ್ ರೋಡ್ ಮಾಡಬೇಕೆಂದು ತೀರ್ಮಾನವಾಯಿತು. ಪ್ರವಾಸೋದ್ಯಮ ಇಲಾಖೆಯ ಕಡತದಲ್ಲಿ ಪ್ರಾಚೀನ ಬೆಟ್ಟವಾಗಿದ್ದದ್ದು ಲೋಕೋಪಯೋಗಿ ಇಲಾಖೆಯ ಕಡತದಲ್ಲಿ ಕಚ್ಚಾವಸ್ತುವಾಯಿತು. ಎರಡೂ ಕಡತಗಳಿಗೆ ಒಂದೇ ಕೈ ಮಂಜೂರಾತಿ ಕೊಟ್ಟಿತು. ಅಗೆದು ಸಾಗಿಸುವ ಗುತ್ತಿಗೆ ಸಿಕ್ಕಿದ್ದು ಬಿಲ್ಡರ್‌ಗೆ.

ಅವನೇ ಖುದ್ದಾಗಿ ಬಂದು ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸಿ ಟಿಪ್ಪರಣ್ಣನನ್ನು ಪಕ್ಕಕ್ಕೆ ಕರೆದ.

“ಯಜಮಾನ್ರೇ, ನಮ್ಮ ಹುಡುಗರು ಓಡಿಸಿದ ಎರಡು ಗಾಡಿ ಆಗಲೇ ಮಗುಚಿಕೊಂಡಿವೆ. ಆ ಗುಡ್ಡೆ ಮೇಲೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅಂತ ನಿಮಗೆ ಗೊತ್ತಲ್ಲ. ಬನ್ನಿ, ಹೊಸ ಗಾಡಿ ಕೊಡ್ತೀನಿ. ಎಸಿ ಇದೆ.”

“ಅಲ್ಲ ಸ್ವಾಮೀ, ಬೆಟ್ಟ ಕಾಣುತ್ತೆ ಅಂತ ನಮಗೆಲ್ಲಾ ಫ್ಲ್ಯಾಟ್ ಮಾರಿದೋರು ನೀವೇ ಅಲ್ವಾ?”

“ಹೌದು. ನೀವು ತಗೊಂಡಾಗ ಕಾಣ್ತಿತ್ತಲ್ಲ?”

ಇಂಥ ಮನುಷ್ಯನ ಕೆಲಸಕ್ಕೆ ಹೋಗಬಾರದೆಂದು ಟಿಪ್ಪರಣ್ಣನಿಗೆ ಅನ್ನಿಸಿತು. ಆದರೆ ಹೊಸ ಗಾಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಂಗೈ ತುರಿಸತೊಡಗಿತ್ತು. ಮನೆಗೆ ಬಂದು “ಒಂದು ಸಣ್ಣ ಕೆಲಸ ಸಿಕ್ಕಿದೆ” ಎಂದಷ್ಟೇ ಹೇಳಿದ. ಹೆಂಡತಿ ಹಿಗ್ಗಿ ಅವನ ಹಳೆಯ ಖಾಕಿ ಅಂಗಿಗೆ ಇಸ್ತ್ರಿ ಹಾಕಿದಳು. ಅವಳಿಗೂ ಅವತ್ತು ಹೇಳಲು ಪುರಸೊತ್ತಿಲ್ಲದ ಸುದ್ದಿಯೊಂದಿತ್ತು. ಮಾರನೆಯ ಬೆಳಗ್ಗೆ ಅಸೋಸಿಯೇಷನ್ ರಸ್ತೆಗಿಳಿಯುವುದಿತ್ತು.

ಹೀಗಾಗಿ ಆ ಬೆಳಗಿನ ಮೊದಲ ಟಿಪ್ಪರ್ ಬೆಟ್ಟದ ಬುಡದ ತಿರುವಿಗೆ ಬಂದಾಗ ದಾರಿಗೆ ಅಡ್ಡಲಾಗಿ ಕೂತಿದ್ದವರ ಮಧ್ಯದಲ್ಲಿ ಅವಳಿದ್ದಳು. ಕೈಯಲ್ಲಿ ‘ಪ್ರಾಚೀನ ಬೆಟ್ಟ ಉಳಿಸಿ’ ಎಂಬ ಫಲಕ. ಪಕ್ಕದಲ್ಲಿ ನೀರಿನ ಬಾಟಲಿ, ಬಿಸಿಲಿಗೊಂದು ಛತ್ರಿ. ಟಿಪ್ಪರಣ್ಣ ಬ್ರೇಕ್ ಒತ್ತಿ ಹಾರ್ನ್ ಬಾರಿಸಿದ. ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದಳು.

“ರೀ! ನೀವಾ?”

“ನೀನೇನೇ ಇಲ್ಲಿ? ಏಳು, ಏಳು. ಗಾಡಿ ಬಿಸಿಯಾಗ್ತಿದೆ.”

“ಇದೇನಾ ನಿಮ್ಮ ಸಣ್ಣ ಕೆಲಸ? ನಾನೇ ಇಸ್ತ್ರಿ ಹಾಕಿಕೊಟ್ಟ ಅಂಗಿ ಹಾಕ್ಕೊಂಡು ನನ್ನ ಬೆಟ್ಟ ಅಗೆಯೋಕೆ ಬಂದಿದ್ದೀರಾ? ಇಳೀರಿ ಕೆಳಗೆ!”

“ನಿನ್ನ ಬೆಟ್ಟ ಎಲ್ಲಿಂದ ಬಂತೇ? ನಮ್ಮ ಮದುವೆಯಾದ ವರ್ಷ ಮೊದಲನೇ ಲೋಡ್ ಸುರಿದೋನು ನಾನು. ಸುರಿದೋನಿಗೆ ಎತ್ತೋಕೆ ಹಕ್ಕಿಲ್ವಾ?”

ಅಷ್ಟರಲ್ಲಿ ಮೈಕು ಹಿಡಿದ ಟಿವಿಯವರು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದ್ದರು. “ಹಾಗಾದ್ರೆ ಈ ಬೆಟ್ಟ ನೀವೇ ಕಟ್ಟಿದ್ದಾ?”

“ಕಟ್ಟಿದ್ದಲ್ಲ, ಸುರಿದಿದ್ದು,” ಎಂದ ಟಿಪ್ಪರಣ್ಣ ಸತ್ಯಸಂಧನಂತೆ.

ಜನ ಗೊಳ್ಳೆಂದು ನಕ್ಕರು. ಹೊಸದಾಗಿ ಬಂದು ಸೇರಿದ ಫ್ಲ್ಯಾಟಿನವರು “ಬಿಲ್ಡರ್ ಏಜೆಂಟ್‌ಗೆ ಧಿಕ್ಕಾರ!” ಎಂದು ಕೂಗಿದರು. ಹೆಂಡತಿ ಮಾತ್ರ ಕೂಗಲಿಲ್ಲ. ಗಂಡ ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು. ಆದರೆ ನಿಜವೆಂದು ಹೇಳಿದರೆ ಬೆಟ್ಟ ಉಳಿಯುವುದಿಲ್ಲವೆಂದೂ ಗೊತ್ತಿತ್ತು. ಅವಳು ಛತ್ರಿಯನ್ನು ಮುಂದಕ್ಕೆ ಬಾಗಿಸಿ ಮುಖ ಮರೆಮಾಡಿಕೊಂಡಳು. ಟಿಪ್ಪರಣ್ಣ ಗಾಡಿಯನ್ನು ಹಿಂದಕ್ಕೆ ತೆಗೆದ.

ಮಧ್ಯಾಹ್ನದೊಳಗೆ ಟಿವಿಯಲ್ಲಿ ‘ಬೆಟ್ಟ ಸುರಿದ ಭೂಪ’ ಎಂದು ಅವನ ಮುಖ ಬಂತು. ನಿರ್ದೇಶಕರು ಮಗಳನ್ನು ಕರೆದು ಪತ್ರಿಕಾ ಹೇಳಿಕೆ ಬರೆಯಲು ಹೇಳಿದರು.

“‘ಚಾಲಕನೊಬ್ಬನ ಹೇಳಿಕೆ ಆಧಾರರಹಿತ’ ಅಂತ ಶುರು ಮಾಡು.”

“ಸರ್, ಅವರು ನಮ್ಮಪ್ಪ.”

“ಗೊತ್ತಮ್ಮಾ. ನಿಮ್ಮಪ್ಪ ಇದ್ದಾರೆ ಅಂತ ಒಪ್ಕೊಂಡ್ರೆ ಬೆಟ್ಟ ಇಲ್ಲ. ಬೆಟ್ಟ ಇಲ್ಲದಿದ್ರೆ ಇಲಾಖೆ ಇಲ್ಲ. ಇಲಾಖೆ ಇಲ್ಲದಿದ್ರೆ ನಿನ್ನ ಕಾಯಂ ಅರ್ಜಿ ಎಲ್ಲಿ ಇಡ್ಲಿ ಹೇಳು?”

ಅವಳು ಬರೆದುಕೊಟ್ಟಳು. ಆ ರಾತ್ರಿ ಊಟಕ್ಕೆ ಮೂವರೂ ಒಂದೇ ಮೇಜಿಗೆ ಕೂತರು. ಬೆಟ್ಟ ಸುರಿದವನು ಒಬ್ಬ, ಅದನ್ನು ಉಳಿಸಲು ಹೊರಟವಳು ಒಬ್ಬಳು, ಸುರಿದೇ ಇಲ್ಲವೆಂದು ಸರ್ಕಾರದ ಪರವಾಗಿ ಸಹಿ ಹಾಕಿಸಿ ಬಂದವಳು ಇನ್ನೊಬ್ಬಳು.

“ಆಧಾರರಹಿತ,” ಎಂದ ಟಿಪ್ಪರಣ್ಣ, ಅನ್ನ ಕಲಸುತ್ತಾ. “ಪದ ಗಟ್ಟಿಯಾಗಿದೆ ಕಣಮ್ಮಾ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಸರ್ಕಾರ ಬರೆದ ಮೊದಲನೇ ಪದ.”

ಅವನು ತಮಾಷೆಗೇ ಹೇಳಿದ್ದ. ಆದರೆ ಮಗಳು ಊಟ ಬಿಟ್ಟು ಎದ್ದು ಕೈತೊಳೆದಳು. ಮಾರನೆಯ ದಿನ ಕಚೇರಿಗೆ ಹೋದವಳು ನಿರ್ದೇಶಕರ ಮುಂದೆ ನಿಂತು, “ಸರ್, ಬೆಟ್ಟದ ಬಗ್ಗೆ ಏನು ಬೇಕಾದ್ರೂ ಬರೀತೀನಿ, ನಮ್ಮಪ್ಪನ ಬಗ್ಗೆ ಇನ್ನು ಬರೆಯಲ್ಲ. ಕಾಯಂ ಆಗದಿದ್ರೆ ಬೇಡ” ಎಂದಳು. ಇಲಾಖೆಯಲ್ಲಿ ವಾಕ್ಯವನ್ನು ತಪ್ಪಿಲ್ಲದೆ ಬರೆಯಬಲ್ಲವಳು ಅವಳೊಬ್ಬಳೇ ಆಗಿದ್ದರಿಂದ ನಿರ್ದೇಶಕರು ಕೆಮ್ಮಿ, “ಸರಿ, ಹೋಗಿ ಕೂತ್ಕೊ” ಎಂದರು.

ಬೆಟ್ಟ ಸಹಜವೋ ಕೃತಕವೋ ಎಂದು ತೀರ್ಮಾನಿಸಲು ಸಮಿತಿಯೊಂದು ನೇಮಕವಾಯಿತು. ಸಮಿತಿ ಬೆಟ್ಟದ ಬುಡದಲ್ಲಿ ಶಾಮಿಯಾನ ಹಾಕಿಸಿಕೊಂಡು ಕೂತು, ಎರಡೂ ಕಡೆಯವರ ವಾದವನ್ನು ತಲೆದೂಗುತ್ತಾ ಕೇಳಿತು. ಸಹಜವೆಂದರೆ ರಿಂಗ್ ರೋಡ್ ನಿಲ್ಲುತ್ತಿತ್ತು, ಕೃತಕವೆಂದರೆ ಪ್ರವಾಸೋದ್ಯಮ ನಿಲ್ಲುತ್ತಿತ್ತು. ಕೊನೆಗೆ ಬಂದ ವರದಿಯ ಪ್ರಕಾರ ಬೆಟ್ಟದ ಹೊರಮೈ ಸಹಜ, ಒಳಮೈ ಕೃತಕ. ಆದ್ದರಿಂದ ಹೊರಗಿನದಕ್ಕೆ ಧಕ್ಕೆಯಾಗದಂತೆ ಒಳಗಿನದನ್ನು ತೆಗೆಯಬೇಕು. ತೆಗೆದಷ್ಟೂ ಜಾಗಕ್ಕೆ, ರಿಂಗ್ ರೋಡಿಗಾಗಿ ಕೆಡವುವ ಮನೆಗಳ ಇಟ್ಟಿಗೆ, ಗಾರೆ, ಕಾಂಕ್ರೀಟಿನ ಚೂರು ತಂದು ತುಂಬಿ ಬೆಟ್ಟದ ಎತ್ತರವನ್ನು ಕಾಯ್ದುಕೊಳ್ಳಬೇಕು. ಮಂತ್ರಿಗಳು ಇದನ್ನು ವಿಧಾನಸಭೆಯಲ್ಲಿ ಓದಿ ಹೇಳಿ, ಒಂದೇ ಬೆಟ್ಟದಿಂದ ತೆಗೆಯುವ ಉದ್ಯಮ, ತುಂಬುವ ಉದ್ಯಮ ಎಂಬ ಎರಡು ಹೊಸ ಉದ್ಯಮಗಳು ಹುಟ್ಟಿವೆ ಎಂದರು. ಆ ವರ್ಷ ರಾಜ್ಯದ ಬೆಳವಣಿಗೆಯ ದರ ಏರಿತು. ಏರಿದ್ದಕ್ಕೆ ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ.

ಅಸೋಸಿಯೇಷನ್ ಒಪ್ಪಿತು. ಬಾಲ್ಕನಿಯಿಂದ ಬೆಟ್ಟ ಕಾಣುತ್ತಿದ್ದರೆ ಸಾಕು, ಅದರೊಳಗೆ ಏನಿದ್ದರೂ ಫ್ಲ್ಯಾಟಿನ ಬೆಲೆಗೆ ಕುಂದಿಲ್ಲವೆಂದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಕಾರ್ಯದರ್ಶಿಯೊಬ್ಬಳೇ ಸಪ್ಪಗಿದ್ದಳು. ಹೂವಿನ ಮೂಲೆಯನ್ನು ಮುಟ್ಟುವುದಿಲ್ಲವೆಂದು ವರದಿಯಲ್ಲಿ ಎಲ್ಲೂ ಇರಲಿಲ್ಲ.

ಟಿಪ್ಪರಣ್ಣ ಮತ್ತೆ ಗಾಡಿ ಹತ್ತಿದ. ಈಗ ಅವನ ಗಾಡಿ ಎಂದೂ ಖಾಲಿ ಓಡುತ್ತಿರಲಿಲ್ಲ. ಹೋಗುವಾಗ ಕಿಟ್ಟ, ಬರುವಾಗ ಯಾರದೋ ಅಡುಗೆಮನೆಯ ಗೋಡೆ, ಯಾರದೋ ಮೆಟ್ಟಿಲು. ಒಂದು ಸಲ ಅರ್ಧ ಗೋಡೆಯ ಮೇಲೆ ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೆರೆಗಳು ಹಾಗೇ ಇದ್ದವು. ಅದನ್ನು ಸುರಿಯುವ ಮೊದಲು ಅವನು ಎಂಜಿನ್ ಆರಿಸಿ, ಹಿಂದೆ ಹತ್ತಿ ಗೆರೆಗಳನ್ನು ಒಂದೊಂದಾಗಿ ಎಣಿಸಿದ. ಸಂಜೆ ಮನೆಯಲ್ಲಿ ಆ ಸಂಗತಿ ಹೇಳಿದಾಗ ಹೆಂಡತಿ ಬಹಳ ದಿನದ ಮೇಲೆ ಅವನ ಕಡೆ ನೇರವಾಗಿ ನೋಡಿದಳು.

“ನಾಳೆ ನನ್ನನ್ನೂ ಕರ್ಕೊಂಡು ಹೋಗಿ,” ಎಂದಳು.

ಮದುವೆಯಾದಾಗಿನಿಂದ ಅವಳು ಅವನ ಗಾಡಿ ಹತ್ತಿದವಳಲ್ಲ. ಕಾರ್ಖಾನೆಯ ಕಾಲದಲ್ಲಿ ಅದಕ್ಕೆ ಅನುಮತಿ ಇರಲಿಲ್ಲ, ಆಮೇಲೆ ಗಾಡಿಯೇ ಇರಲಿಲ್ಲ. ಕ್ಯಾಬಿನ್ನಿನ ಎತ್ತರಕ್ಕೆ ಹತ್ತಲು ಅವನು ಕೈ ಕೊಡಬೇಕಾಯಿತು. ಎಸಿಯನ್ನು ಅವಳು ಆರಿಸಿ ಗಾಜು ಇಳಿಸಿದಳು. ನೆತ್ತಿಯ ಮೇಲೆ ಗಾಡಿ ನಿಂತಾಗ ಸುತ್ತಲೂ ಊರು ಕಂಡಿತು. ನೀರಿನ ಟ್ಯಾಂಕು, ತಗಡು, ಒಣಹಾಕಿದ ಬಟ್ಟೆ, ಅರ್ಧಕ್ಕೆ ನಿಂತ ಕಂಬಗಳು, ಮತ್ತೆ ನೀರಿನ ಟ್ಯಾಂಕು. ಅದು ಎಲ್ಲಿ ಮುಗಿಯುತ್ತದೆಂದು ಹುಡುಕಿ ಹುಡುಕಿ ಅವಳ ಕಣ್ಣು ಸೋತಿತು.

“ಅಬ್ಬಾ! ಇಷ್ಟೊಂದು ಜನ ಇದ್ದಾರೇನ್ರೀ? ಇವರಿಗೆಲ್ಲಾ ಕೆಲಸ ಎಲ್ಲಿದೆ?”

“ಅದನ್ನ ಯಾರೂ ಕೇಳಬಾರದು ಅಂತಾನೇ ಬೆಟ್ಟ ತೋರಿಸ್ತಿರೋದು.”

ಅವಳು ನಕ್ಕಳು. ಆಮೇಲೆ ಗಿರಿದರ್ಶನದ ಮೂರನೇ ಮಹಡಿಯನ್ನು ಗುರುತು ಹಿಡಿದು, ಅಲ್ಲಿಂದ ತಾನು ನೋಡುವ ಜಾಗ ಯಾವುದೆಂದು ಲೆಕ್ಕ ಹಾಕಿದಳು. “ಇಲ್ಲಿ ಸುರಿದರೆ ನನ್ನ ಹೂವು ಮುಚ್ಚಿಹೋಗುತ್ತೆ. ಆ ಕಡೆ ಹಾಕಿ. ಮನೆಯಿಂದ ನೋಡಿದರೆ ಎಡಭಾಗ ತಗ್ಗಾಗಿ ಕಾಣ್ತಿದೆ, ಸೊಟ್ಟ ಆಗಿದೆ.”

“ಬೆಟ್ಟ ಅಂದ್ಮೇಲೆ ಸೊಟ್ಟ ಇರುತ್ತೆ ಕಣೇ.”

“ಪ್ರಕೃತಿ ಮಾಡಿದ್ರೆ ಸೊಟ್ಟ ಇರಲಿ. ನೀವು ಮಾಡ್ತಿರೋದಲ್ವಾ, ನೆಟ್ಟಗೆ ಮಾಡಿ.”

ಅವನು ಗಾಡಿಯನ್ನು ಹಿಂದಕ್ಕೆ ತೆಗೆದು, ಎಡಕ್ಕೆ ತಿರುಗಿಸಿ ಸುರಿದ.

ಅಂದಿನಿಂದ ಬೆಳಗಿನ ಟೀ ಹೊತ್ತಿಗೆ ಟಿಪ್ಪರಣ್ಣನ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಬಾಲ್ಕನಿಯಲ್ಲಿ ನಿಂತು, “ಇನ್ನೂ ಎಡಕ್ಕೆ, ಇನ್ನೂ ಸ್ವಲ್ಪ, ಹಾಂ, ಅಲ್ಲೇ” ಎಂದು ಹೇಳುವುದು, ಅವನು ಗೊಣಗುತ್ತಲೇ ಹಾಗೆ ಸುರಿಯುವುದು. ಸುದ್ದಿ ಮಹಡಿಯಿಂದ ಮಹಡಿಗೆ ಹರಡಿತು. ಎರಡನೇ ಮಹಡಿಯವರಿಗೆ ಶಿಖರ ಚೂಪಾಗಿರಬೇಕಿತ್ತು, ಐದನೆಯವರಿಗೆ ಚಪ್ಪಟೆಯಾಗಿದ್ದರೆ ಸೂರ್ಯೋದಯ ಬೇಗ ಕಾಣುತ್ತಿತ್ತು. ಅಸೋಸಿಯೇಷನ್ ಸಭೆ ಸೇರಿ ಮತ ಹಾಕಿತು. ಶಿಖರ ಚೂಪಾಗಿರಲೆಂದು ಬಹುಮತದಿಂದ ತೀರ್ಮಾನವಾಯಿತು. ನಡಾವಳಿಯ ಪ್ರತಿಯನ್ನು ಚಾಲಕನಿಗೆ ತಲುಪಿಸುವ ಹೊಣೆ ಕಾರ್ಯದರ್ಶಿಯದ್ದಾಯಿತು.

ಅವಳು ಆ ಕಾಗದವನ್ನು ಅವನ ಊಟದ ಡಬ್ಬಿಯೊಳಗಿಟ್ಟು ಕಳಿಸಿದಳು. ಗಾಡಿಯ ನೆರಳಲ್ಲಿ ಕೂತು ಅವನು ಅದನ್ನು ಓದಿದ, ಕೈ ಒರೆಸಿಕೊಂಡ. ತಲೆಯೆತ್ತಿ ದೂರದ ಬಾಲ್ಕನಿಯ ಕಡೆ ನೋಡಿದ. ಅಲ್ಲಿ ಯಾರೋ ಟವೆಲ್ ಬೀಸುತ್ತಿದ್ದರು. ಅವನೂ ಕೈ ಬೀಸಿ, ಗಾಡಿ ಹತ್ತಿ, ಲೋಡ್ ಸುರಿಯುವ ಲಿವರ್ ಎಳೆದ.